ಮಾಯಾ ಲಿನ್: ಬೆಂಗಳೂರಿನ ಕಪ್ಪು ಕಲ್ಲು, ವಾಷಿಂಗ್ಟನ್‌ನ ಗೋಡೆ, ಅದರಾಚೆಯ ನಲವತ್ತು ವರ್ಷ

ಚುಕ್ಕಿಗೆರೆ (ಚರ್ಚೆ ಶುರು ಮಾಡಿದವರು)

ಅಮೆರಿಕದ ಶಿಲ್ಪಿ, ವಾಸ್ತುವಿನ್ಯಾಸಕಿ ಮಾಯಾ ಲಿನ್ ಅಂದರೆ ಹೆಚ್ಚಿನವರಿಗೆ ಒಂದೇ ಕೆಲಸ ಗೊತ್ತು: ವಾಷಿಂಗ್ಟನ್‌ನಲ್ಲಿರುವ ವಿಯೆಟ್ನಾಂ ಯೋಧರ ಸ್ಮಾರಕ. ಅದು ಉದ್ಘಾಟನೆ ಆದದ್ದು 1982ರ ನವೆಂಬರ್ 13ಕ್ಕೆ. ಆಗ ಅವರಿಗೆ 23 ವರ್ಷ. ಆಮೇಲೆ ನಾಲ್ಕು ದಶಕಕ್ಕೂ ಜಾಸ್ತಿ ಕೆಲಸ ಮಾಡಿದ್ದಾರೆ. ಹುಲ್ಲು ಬೆಳೆದ ಮಣ್ಣಿನ ಅಲೆಗಳು, ಲೈಬ್ರರಿಗಳು, ಮೇಲೆ ನೀರು ಹರಿಯುವ ಕಲ್ಲಿನ ಮೇಜುಗಳು, ಗೋಡೆಗೆ ಗುಂಡುಸೂಜಿ ಚುಚ್ಚಿ ಮಾಡಿದ ನದಿಗಳು. ಇವೆಲ್ಲ ಬೇರೆ ಬೇರೆ ಥರ ಕಂಡರೂ ಒಂದೇ ಯೋಚನೆಯಿಂದ ಬಂದವು ಅಂತ ನಾನು ನಂಬಿದ್ದೇನೆ. ಅದನ್ನೇ ಇಲ್ಲಿ ಚರ್ಚೆ ಮಾಡೋಣ.

ನನ್ನ ವಾದ ಇಷ್ಟು. ಎಷ್ಟೋ ಶಿಲ್ಪಿಗಳು ಒಂದು ಆಕೃತಿ ಮಾಡಿ ಜಾಗದಲ್ಲಿ ನಿಲ್ಲಿಸುತ್ತಾರೆ, ನಾವು ಸುತ್ತ ನಿಂತು ನೋಡುತ್ತೇವೆ. ಮಾಯಾ ಲಿನ್ ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಬಂದವರು ಅಲ್ಲಿ ಏನು ಮಾಡುತ್ತಾರೆ? ಇಳಿಯುತ್ತಾರಾ, ಹುಡುಕುತ್ತಾರಾ, ಮುಟ್ಟುತ್ತಾರಾ, ಸುಮ್ನೆ ಕೂರುತ್ತಾರಾ? ಅದು ತೀರ್ಮಾನವಾದ ಮೇಲೆ ಕಲ್ಲು ಯಾವುದು, ಅಳತೆ ಎಷ್ಟು ಅನ್ನೋ ಮಾತು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 1959ರ ಅಕ್ಟೋಬರ್ 5, ಅಮೆರಿಕದ ಓಹಾಯೋ ರಾಜ್ಯದ ಆಥೆನ್ಸ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಹೆನ್ರಿ ಲಿನ್ ಮಣ್ಣಿನ ಪಾತ್ರೆ ಮಾಡುವ ಕಲಾವಿದ, ಓಹಾಯೋ ವಿಶ್ವವಿದ್ಯಾಲಯದ ಲಲಿತಕಲೆ ವಿಭಾಗದ ಡೀನ್. ಅಮ್ಮ ಜೂಲಿಯಾ ಚಾಂಗ್ ಲಿನ್ ಕವಿ, ಅಲ್ಲೇ ಸಾಹಿತ್ಯದ ಪ್ರಾಧ್ಯಾಪಕಿ. ಇಬ್ಬರೂ 1940ರ ದಶಕದ ಕೊನೆಗೆ ಚೀನಾ ಬಿಟ್ಟು ಬಂದವರು. ಅಪ್ಪನ ಮಲಸಹೋದರಿ ಲಿನ್ ಹುಯಿಯಿನ್ ಆಧುನಿಕ ಚೀನಾದ ಮೊದಲ ಮಹಿಳಾ ವಾಸ್ತುಶಿಲ್ಪಿ ಅಂತ ಹೆಸರಾದವರು. ಮಾಯಾ ಚಿಕ್ಕಂದಿನಲ್ಲಿ ಅಪ್ಪನ ಸ್ಟುಡಿಯೋದಲ್ಲೇ ಆಡಿಕೊಂಡು ಬೆಳೆದರು. ಹೈಸ್ಕೂಲಿನಲ್ಲಿ ಇರುವಾಗಲೇ ವಿಶ್ವವಿದ್ಯಾಲಯದ ಎರಕದ ಮನೆಯಲ್ಲಿ ಕಂಚು ಹೊಯ್ಯುತ್ತಿದ್ದರು. ಅವರ ಯಾವ ಕೆಲಸ ನೋಡಿದರೂ ಕೈಯಲ್ಲಿ ತಟ್ಟಿ ತೀಡಿದ ಗುಣ ಕಾಣುತ್ತದೆ. ಆ ಮಣ್ಣಿನ ಮನೆಯಿಂದಲೇ ಅದು ಬಂದಿದೆ ಅಂತ ನನ್ನ ಲೆಕ್ಕ.

ಗೆರೆಕೋಲು

ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿನಿ. ವಿಯೆಟ್ನಾಂ ಸ್ಮಾರಕದ ವಿನ್ಯಾಸಕ್ಕೆ ನಡೆದ ಸ್ಪರ್ಧೆಯ ಕಥೆ ಪೂರ್ತಿ ಹೇಳಿ ಪ್ಲೀಸ್. ಓದುವಾಗಲೇ ಗೆದ್ದರು ಅಂತ ಮಾತ್ರ ಕೇಳಿದ್ದೇನೆ.

ಚುಕ್ಕಿಗೆರೆ

ಹೌದು, ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿಯ ಕೊನೇ ವರ್ಷ. ಸಾವಿಗೆ ಸಂಬಂಧಪಟ್ಟ ಕಟ್ಟಡಗಳ ವಿನ್ಯಾಸದ ಬಗ್ಗೆ ಒಂದು ತರಗತಿ ಇತ್ತು. ಸ್ಪರ್ಧೆಯ ಪ್ರಕಟಣೆ ಕಂಡಾಗ ಅದನ್ನೇ ತರಗತಿಯ ಕೆಲಸ ಮಾಡಿಕೊಂಡರು. 1980ರ ನವೆಂಬರ್ ರಜೆಯಲ್ಲಿ ಜಾಗ ನೋಡಲು ಹೋದರು. ಬರೀ ಹುಲ್ಲುಗಾವಲು. ಚಾಕು ತಗೊಂಡು ಆ ನೆಲವನ್ನು ಸೀಳಿ ತೆರೆಯಬೇಕು ಅನ್ನೋ ಆಸೆ ಅಲ್ಲೇ ಹುಟ್ಟಿತು ಅಂತ ಆಮೇಲೆ ಅವರೇ ಬರೆದಿದ್ದಾರೆ. ಕಾಲೇಜಿನ ಊಟದ ಹಾಲ್‌ನಲ್ಲಿ ಕಿವುಚಿದ ಆಲೂಗಡ್ಡೆಯಲ್ಲಿ ಒಂದು ಮಾದರಿ ಮಾಡಿ ನೋಡಿದ್ದನ್ನೂ ಹೇಳಿಕೊಂಡಿದ್ದಾರೆ. ಆ ತರಗತಿಯಲ್ಲಿ ಅವರಿಗೆ ಸಿಕ್ಕಿದ್ದು ಬಿ ಗ್ರೇಡ್!

ಸ್ಪರ್ಧೆಗೆ 1,400ಕ್ಕೂ ಹೆಚ್ಚು ವಿನ್ಯಾಸ ಬಂದಿದ್ದವು. ಎಲ್ಲವನ್ನೂ ವಿಮಾನದ ಹ್ಯಾಂಗರ್ ಒಂದರಲ್ಲಿ ಸಾಲಾಗಿ ನಿಲ್ಲಿಸಿದ್ದರು. ಹೆಸರಿಲ್ಲ, ನಂಬರ್ ಮಾತ್ರ. ಇವರದ್ದು 1026. ಮಸುಕಾದ ಪ್ಯಾಸ್ಟೆಲ್ ಚಿತ್ರ, ಜೊತೆಗೆ ಕೈಯಲ್ಲಿ ಬರೆದ ಒಂದು ಪುಟದ ವಿವರಣೆ. ಚಿತ್ರ ಮಾತ್ರ ನೋಡಿದರೆ ಏನೂ ತಿಳಿಯುವ ಹಾಗಿರಲಿಲ್ಲ. ತೀರ್ಪುಗಾರರಿಗೆ ಜಾಗ ಕಣ್ಣಿಗೆ ಕಟ್ಟಿದ್ದು ಆ ಬರಹದಿಂದ. ಹೆಸರು ಹಾಕಿ ನಡೆಸಿದ ಸ್ಪರ್ಧೆ ಆಗಿದ್ದರೆ ತಾನು ಗೆಲ್ಲುತ್ತಿರಲಿಲ್ಲ ಅಂತ ಅವರು ಹೇಳಿದ್ದಾರೆ. ಅದು ನಿಜ ಇರಬೇಕು. 21ರ ಹುಡುಗಿ, ಚೀನೀ ಮೂಲ, ಪದವಿ ಇನ್ನೂ ಕೈಗೆ ಬಂದಿಲ್ಲ.

ನೀವು ಓದುವವರಾದ್ದರಿಂದ ಇನ್ನೊಂದು ವಿಷಯ. ಯೇಲ್‌ನಲ್ಲಿ ವಾಸ್ತುಕಲೆಯ ಇತಿಹಾಸ ಕಲಿಸುತ್ತಿದ್ದ ವಿನ್ಸೆಂಟ್ ಸ್ಕಲ್ಲಿ ಅವರು ಫ್ರಾನ್ಸಿನ ತಿಯೆಪ್ವಾಲ್ ಸ್ಮಾರಕದ ಬಗ್ಗೆ ಮಾಡಿದ ಪಾಠ ಮಾಯಾ ಅವರ ಮನಸ್ಸಿನಲ್ಲಿ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಕಣ್ಮರೆಯಾದ 72,000ಕ್ಕೂ ಹೆಚ್ಚು ಸೈನಿಕರ ಹೆಸರು ಅಲ್ಲಿವೆ. ಅದರ ವಿನ್ಯಾಸ ಎಡ್ವಿನ್ ಲುಟ್ಯೆನ್ಸ್ ಅವರದ್ದು. ದೆಹಲಿಯ ಇಂಡಿಯಾ ಗೇಟ್ ಮಾಡಿದವರೂ ಅವರೇ, ಅಲ್ಲೂ 13,000ಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಆದರೆ ಇಂಡಿಯಾ ಗೇಟ್‌ನಲ್ಲಿ ನಾವು ಹೆಸರು ಓದುತ್ತೇವಾ? ತಲೆ ಎತ್ತಿ ಕಮಾನು ನೋಡುತ್ತೇವೆ, ಅಷ್ಟೆ. ಮಾಯಾ ಲಿನ್ ಕಮಾನನ್ನು ತೆಗೆದುಹಾಕಿ ಹೆಸರನ್ನು ಮಾತ್ರ ಇಟ್ಟುಕೊಂಡರು. ಕಣ್ಣಿನ ಮಟ್ಟಕ್ಕೆ, ಕೈಗೆಟುಕುವ ದೂರಕ್ಕೆ ತಂದರು.

ಪೊಟೊಮ್ಯಾಕ್ ಕನ್ನಡಿಗ

ನಾನು ವರ್ಜೀನಿಯಾದಲ್ಲಿದ್ದೇನೆ, ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನೋಡದವರಿಗಾಗಿ ಸ್ವಲ್ಪ ವಿವರ ಬರೆಯುತ್ತೇನೆ.

ದೂರದಿಂದ ನೋಡಿದರೆ ಅಲ್ಲಿ ಏನೂ ಇಲ್ಲ. ಹುಲ್ಲು ಮಾತ್ರ. ಹತ್ತಿರ ಹೋದಾಗ ನೆಲ ನಿಧಾನಕ್ಕೆ ಇಳಿಜಾರಾಗುತ್ತದೆ, ಪಕ್ಕದಲ್ಲಿ ಕಪ್ಪು ಗೋಡೆ ಶುರುವಾಗುತ್ತದೆ. ಮೊದಲಿಗೆ ಪಾದದ ಎತ್ತರ, ಬರೀ 8 ಇಂಚು. ನಡೆಯುತ್ತ ಹೋದ ಹಾಗೆ ಮೊಣಕಾಲು, ಸೊಂಟ, ಹೆಗಲು. ನಡುವಿನ ಮೂಲೆಗೆ ಬರುವಾಗ 10 ಅಡಿ, ನಿಮ್ಮ ತಲೆಗಿಂತ ಮೇಲೆ. ಅಷ್ಟರಲ್ಲಿ ರಸ್ತೆಯ ಸದ್ದೂ ಕಡಿಮೆಯಾಗಿರುತ್ತದೆ. ಎರಡು ರೆಕ್ಕೆ, ಒಂದೊಂದೂ ಸುಮಾರು 75 ಮೀಟರ್ ಉದ್ದ. ಒಂದು ನೇರವಾಗಿ ವಾಷಿಂಗ್ಟನ್ ಸ್ತಂಭದ ಕಡೆ, ಇನ್ನೊಂದು ಲಿಂಕನ್ ಸ್ಮಾರಕದ ಕಡೆ ಕೈ ಚಾಚಿದೆ.

ಹೆಸರುಗಳ ಕ್ರಮ ಗಮನಿಸಬೇಕು. ಅಕ್ಷರಮಾಲೆ ಪ್ರಕಾರ ಇಲ್ಲ, ತೀರಿಕೊಂಡ ದಿನದ ಪ್ರಕಾರ ಇದೆ. 1959 ಅಂತ ನಡುವಿನ ಮೂಲೆಯಲ್ಲಿ ಶುರುವಾಗಿ ಪೂರ್ವದ ತುದಿ ತನಕ ಹೋಗುತ್ತದೆ. ಅಲ್ಲಿಂದ ಪಶ್ಚಿಮದ ತುದಿಗೆ ಹಾರಿ, ಮತ್ತೆ ನಡುವಿಗೆ ಬಂದು 1975ಕ್ಕೆ ಮುಗಿಯುತ್ತದೆ. ಮೊದಲು ಸತ್ತವರೂ ಕೊನೆಗೆ ಸತ್ತವರೂ ಅಕ್ಕಪಕ್ಕ. ಒಟ್ಟು 58,000ಕ್ಕೂ ಹೆಚ್ಚು ಹೆಸರು. ಹುದ್ದೆ ಹಾಕಿಲ್ಲ. ಸೇನೆಯ ಜನರಲ್ ಆದರೂ ಒಂದೇ, ಸಿಪಾಯಿ ಆದರೂ ಒಂದೇ.

ಕುದುರೆಮುಖ ಕಡೆಯವನು

ಅಕ್ಷರಮಾಲೆ ಪ್ರಕಾರ ಹಾಕಿದ್ದರೆ ಹುಡುಕುವುದು ಸುಲಭ ಇತ್ತಲ್ವಾ? ವಯಸ್ಸಾದ ತಂದೆತಾಯಿ ಬಂದರೆ ಕಷ್ಟ.

ಪೊಟೊಮ್ಯಾಕ್ ಕನ್ನಡಿಗ

ಹುಡುಕಲು ಪಕ್ಕದಲ್ಲೇ ದಪ್ಪ ಪುಸ್ತಕ ಇಟ್ಟಿದ್ದಾರೆ. ಯಾವ ಫಲಕ, ಯಾವ ಸಾಲು ಅಂತ ಅದರಲ್ಲಿ ಸಿಗುತ್ತದೆ. ಸ್ವಯಂಸೇವಕರೂ ಇರುತ್ತಾರೆ, ಏಣಿ ಹತ್ತಿ ಮೇಲಿನ ಹೆಸರನ್ನು ಕಾಗದದ ಮೇಲೆ ಪೆನ್ಸಿಲ್‌ನಿಂದ ಉಜ್ಜಿ ತೆಗೆದುಕೊಡುತ್ತಾರೆ.

ಚುಕ್ಕಿಗೆರೆ

ಈ ಪ್ರಶ್ನೆ ಆಗಲೂ ದೊಡ್ಡ ಜಗಳವಾಗಿತ್ತು. ಮಾಯಾ ಲಿನ್ ಒಪ್ಪಲೇ ಇಲ್ಲ. ಸ್ಮಿತ್ ಅನ್ನೋ ಹೆಸರೇ ಅಲ್ಲಿ ನೂರಾರು ಇವೆ. ಎಲ್ಲರನ್ನೂ ಒಂದೇ ಕಡೆ ಜೋಡಿಸಿದರೆ ಟೆಲಿಫೋನ್ ಡೈರೆಕ್ಟರಿ ಆಗುತ್ತದೆ, ಮನುಷ್ಯ ಅದರಲ್ಲಿ ಕಳೆದುಹೋಗುತ್ತಾನೆ. ದಿನದ ಪ್ರಕಾರ ಹಾಕಿದಾಗ ಒಂದೇ ಕಾಳಗದಲ್ಲಿ ಬಿದ್ದವರು ಒಟ್ಟಿಗೆ ಇರುತ್ತಾರೆ. ಬದುಕಿ ಬಂದ ಗೆಳೆಯ ತನ್ನ ಆ ದಿನವನ್ನೇ ಗೋಡೆಯಲ್ಲಿ ಹುಡುಕಿ ಕಂಡುಕೊಳ್ಳಬಹುದು. ನಾನು ಮೇಲೆ ಹೇಳಿದ್ದು ಇದನ್ನೇ. ಹುಡುಕುವ ಕೆಲಸವನ್ನೂ ಅವರು ವಿನ್ಯಾಸದ ಒಳಗೆ ಸೇರಿಸಿದರು.

ಕರಿಕಲ್ಲು ಗುಂಡ್ಲುಪೇಟೆ

ಕಲ್ಲಿನ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನಾನು ಗ್ರಾನೈಟ್ ಪಾಲಿಶ್ ಕೆಲಸದಲ್ಲಿರುವವನು. ಆ ಗೋಡೆಯ ಕಲ್ಲು ಹೋದದ್ದು ಬೆಂಗಳೂರಿಂದ. ಕಪ್ಪು ಗ್ರಾನೈಟ್ ಕೆನಡಾ, ಸ್ವೀಡನ್‌ನಲ್ಲೂ ಇತ್ತು. ಆದರೆ ಆ ಯುದ್ಧಕ್ಕೆ ಹೋಗಲು ಒಪ್ಪದೆ ಅಮೆರಿಕ ಬಿಟ್ಟವರು ಆ ದೇಶಗಳಿಗೆ ಹೋಗಿ ನೆಲೆಸಿದ್ದರು ಅನ್ನೋ ಕಾರಣಕ್ಕೆ ಅಲ್ಲಿಯ ಕಲ್ಲು ಬೇಡ ಅಂದರು. ನಮ್ಮ ಕಡೆಯ ಕಲ್ಲು ವರ್ಮಾಂಟ್ ರಾಜ್ಯದ ಬ್ಯಾರೆ ಅನ್ನೋ ಊರಿಗೆ ಹೋಯಿತು. ಅಲ್ಲಿ ಅಳತೆಗೆ ಕತ್ತರಿಸಿದರು. ಆಮೇಲೆ ಟೆನ್ನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರು ಕೊರೆದರು.

ಈ ಕಲ್ಲೇ ಯಾಕೆ ಬೇಕಿತ್ತು ಅನ್ನೋದು ಕೆಲಸ ಮಾಡುವವರಿಗೆ ಬೇಗ ಅರ್ಥವಾಗುತ್ತದೆ. ಬಿಳಿ ಅಥವಾ ಕೆಂಪು ಗ್ರಾನೈಟ್‌ನಲ್ಲಿ ಕಾಳು ದಪ್ಪ ಇರುತ್ತದೆ, ಚುಕ್ಕಿ ಚುಕ್ಕಿ ಕಾಣುತ್ತದೆ. ನಮ್ಮ ಕಡೆಯ ಕಪ್ಪು ಕಲ್ಲು ಹಳೇ ಬಂಡೆಯ ಬಿರುಕಿನೊಳಗೆ ಕೆಳಗಿಂದ ನುಗ್ಗಿ ತಣ್ಣಗಾದ ಕರಗಿದ ಶಿಲೆಯ ಜಾತಿ. ಕಾಳು ಸಣ್ಣ, ಒತ್ತೊತ್ತಾಗಿರುತ್ತದೆ. ಒರಟು ಕಲ್ಲಿಂದ ಶುರು ಮಾಡಿ ನುಣುಪು ಕಲ್ಲಿನ ತನಕ ಒಂದಾದ ಮೇಲೊಂದು ತಿಕ್ಕುತ್ತ ಹೋದರೆ ಕೊನೆಗೆ ಮುಖ ಕಾಣುತ್ತದೆ. ಅದೇ ಕಲ್ಲಿಗೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆದರೆ ಪಾಲಿಶ್ ಹೋಗಿ ಬೂದಿ ಬಣ್ಣ ಬರುತ್ತದೆ. ಅಕ್ಷರಕ್ಕೆ ಬಣ್ಣ ತುಂಬಬೇಕಾಗಿಲ್ಲ. ಆ ಗೋಡೆಯ ಅಕ್ಷರಗಳು ಬರೀ ಅರ್ಧ ಇಂಚು ಎತ್ತರ, ಆಳವೂ ತೀರಾ ಕಡಿಮೆ. ಅಷ್ಟಿದ್ದರೂ ಓದಲು ಬರುತ್ತದೆ ಅಂದರೆ ಅದು ಕಲ್ಲಿನ ಗುಣ. ಮಳೆ ಬಂದು ಒದ್ದೆಯಾದಾಗ ಮಾತ್ರ ಹೊಡೆದ ಜಾಗವೂ ಕಪ್ಪಾಗಿ ಹೆಸರು ಮಂಕಾಗುತ್ತದೆ. ಒಣಗಿದ ಮೇಲೆ ಮತ್ತೆ ಬರುತ್ತದೆ.

58,000 ಹೆಸರು ಉಳಿ ಹಿಡಿದು ಕೆತ್ತುವುದು ಆಗದ ಮಾತು. ಹೆಸರುಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿ, ಫೋಟೋ ತೆಗೆಯುವ ಥರದಲ್ಲಿ ಸ್ಟೆನ್ಸಿಲ್ ಮಾಡಿ, ಅದರ ಮೇಲೆ ಮರಳು ಹೊಡೆದರು. 1982ಕ್ಕೆ ಅದು ಬಹಳ ಮುಂದಿನ ಕೆಲಸ. ಆ ಕಲ್ಲು ತೆಗೆದ ನಮ್ಮ ಕಡೆಯ ಕಾರ್ಮಿಕರ ಹೆಸರು ಎಲ್ಲೂ ಇಲ್ಲ. ಅದನ್ನೂ ಇಲ್ಲಿ ಹೇಳಬೇಕು ಅನ್ನಿಸಿತು.

ಗೆರೆಕೋಲು

ಈ ಮಾಹಿತಿ ನಮಗೆ ಯಾವ ಕ್ಲಾಸಲ್ಲೂ ಸಿಕ್ಕಿರಲಿಲ್ಲ. ತುಂಬಾ ಥ್ಯಾಂಕ್ಸ್.

ನಿವೃತ್ತ ಸುಬೇದಾರ್

ನಾನು ಸೈನ್ಯದಲ್ಲಿದ್ದವನು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸತ್ತ ಸೈನಿಕನಿಗೆ ಮುಖ ಬೇಕು. ಹೆಗಲ ಮೇಲೆ ಬಂದೂಕು, ಕಾಲಲ್ಲಿ ಬೂಟು, ಕಣ್ಣಲ್ಲಿ ಸುಸ್ತು. ಅವನನ್ನು ನೋಡಿ ಮಕ್ಕಳು ಇವನು ನಮಗಾಗಿ ಹೋದವನು ಅಂತ ತಿಳಿಯಬೇಕು. ನೆಲದೊಳಗೆ ಇಳಿಸಿದ ಕಪ್ಪು ಗೋಡೆ ಸೋಲಿನ ಲೆಕ್ಕದ ಹಾಗೆ ಕಾಣುತ್ತದೆ. ಅಲ್ಲಿನ ಯೋಧರಲ್ಲಿ ಕೆಲವರು ಸಿಟ್ಟಾದದ್ದು ನನಗೆ ಅರ್ಥವಾಗುತ್ತದೆ.

ಚುಕ್ಕಿಗೆರೆ

ಸುಬೇದಾರರೇ, ನೀವು ಹೇಳಿದ ಮಾತನ್ನೇ ಅಂದು ಹಲವು ಯೋಧರು ಹೇಳಿದ್ದರು. ಟಾಮ್ ಕಾರ್ಹಾರ್ಟ್ ಅನ್ನುವ ಯೋಧ ಅದನ್ನು ನಾಚಿಕೆಯ ಕಪ್ಪು ಗಾಯ ಅಂತ ಬಹಿರಂಗವಾಗಿ ಕರೆದರು. ಸ್ಪರ್ಧೆಗೆ ಮೊದಲು ಹಣ ಕೊಟ್ಟಿದ್ದ ಉದ್ಯಮಿ ರಾಸ್ ಪೆರೋ ಅವರೂ ವಿರೋಧಕ್ಕೆ ನಿಂತರು. ಒಳಾಡಳಿತ ಕಾರ್ಯದರ್ಶಿ ಜೇಮ್ಸ್ ವಾಟ್ ಕಟ್ಟಲು ಪರವಾನಗಿ ಕೊಡದೆ ತಡೆದರು. ಕೊನೆಗೆ ರಾಜಿ ಆಯಿತು. ಫ್ರೆಡರಿಕ್ ಹಾರ್ಟ್ ಅವರ ಮೂವರು ಸೈನಿಕರ ಕಂಚಿನ ಪ್ರತಿಮೆ, ಒಂದು ಧ್ವಜಸ್ತಂಭ. ಪ್ರತಿಮೆಯನ್ನು 1984ರಲ್ಲಿ ನಿಲ್ಲಿಸಿದರು. ಗೋಡೆಯ ನಡುವಿನ ಮೂಲೆಯಲ್ಲಿ ಅಲ್ಲ, ಸ್ವಲ್ಪ ದೂರದಲ್ಲಿ. ಈಗ ಆ ಮೂವರು ಗೋಡೆಯ ಕಡೆ ನೋಡುತ್ತ ನಿಂತ ಹಾಗಿದೆ. 1993ರಲ್ಲಿ ಗ್ಲೆನಾ ಗುಡೇಕರ್ ಮಾಡಿದ ದಾದಿಯರ ಪ್ರತಿಮೆಯೂ ಹತ್ತಿರದಲ್ಲೇ ಬಂತು.

ವಿರೋಧದ ಆ ದಿನಗಳಲ್ಲಿ ಮಾಯಾ ಅವರ ಮೂಲದ ಬಗ್ಗೆಯೂ ಕೆಟ್ಟ ಮಾತು ಬಂದವು. ಏಷ್ಯಾದಲ್ಲಿ ನಡೆದ ಯುದ್ಧದ ಸ್ಮಾರಕವನ್ನು ಏಷ್ಯಾ ಮುಖದ ಹುಡುಗಿ ಮಾಡುವುದಾ ಅಂತ. ಅವರು ಓಹಾಯೋದಲ್ಲಿ ಹುಟ್ಟಿ ಬೆಳೆದವರು. 22ರ ವಯಸ್ಸಿನಲ್ಲಿ ಅಧಿಕಾರಿಗಳ ಮುಂದೆ ಒಬ್ಬರೇ ನಿಂತು, ಒಂದು ಗೆರೆಯೂ ಬದಲಾಗಬಾರದು ಅಂತ ವಾದಿಸಿದರು. ಆ ಗಟ್ಟಿತನಕ್ಕೆ ನಾನು ತಲೆಬಾಗುತ್ತೇನೆ.

ನಿವೃತ್ತ ಸುಬೇದಾರ್

ಗಟ್ಟಿತನ ಒಪ್ಪುತ್ತೇನೆ. ಪ್ರತಿಮೆ ಬೇಕು ಅನ್ನುವ ಮಾತು ಬಿಡುವುದಿಲ್ಲ. ಮೂವರನ್ನು ಪಕ್ಕದಲ್ಲಿ ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಪೊಟೊಮ್ಯಾಕ್ ಕನ್ನಡಿಗ

ಗೋಡೆಯ ಬುಡದಲ್ಲಿ ಜನ ಏನೇನು ಬಿಟ್ಟು ಹೋಗುತ್ತಾರೆ ನೋಡಬೇಕು ಸುಬೇದಾರರೇ. ಬೂಟು, ಪದಕ, ಬಿಯರ್ ಡಬ್ಬಿ, ಪತ್ರ, ಮಗುವಿನ ಸ್ಕ್ಯಾನ್ ಚಿತ್ರ. ಹಾಗೆ ಬಿಡಿ ಅಂತ ಯಾರೂ ಹೇಳಿದ್ದಲ್ಲ, ಕಟ್ಟುವಾಗಲೇ ಶುರುವಾಯಿತು. ಈಗ ರಾಷ್ಟ್ರೀಯ ಉದ್ಯಾನ ಸೇವೆಯವರು ದಿನಾ ಎತ್ತಿಟ್ಟು ಕಾಪಾಡುತ್ತಾರೆ, ಲಕ್ಷಗಟ್ಟಲೆ ವಸ್ತುಗಳಾಗಿವೆ.

ಹೊಳೆಸಾಲು

ನನಗೆ ಬೇರೆ ತಕರಾರಿದೆ. ಆ ಯುದ್ಧದಲ್ಲಿ ಲಕ್ಷಾಂತರ ವಿಯೆಟ್ನಾಂ ಜನ ಸತ್ತರು. ಅವರ ಒಂದು ಹೆಸರೂ ಆ ಗೋಡೆಯಲ್ಲಿಲ್ಲ. ಇಷ್ಟು ಸೂಕ್ಷ್ಮ ಮನಸ್ಸಿನ ಕಲಾವಿದೆ ಅದನ್ನು ಯಾಕೆ ಬಿಟ್ಟರು?

ಚುಕ್ಕಿಗೆರೆ

ಸರಿಯಾದ ಪ್ರಶ್ನೆ. ಸ್ಪರ್ಧೆಯ ನಿಯಮದಲ್ಲೇ ಸತ್ತ ಮತ್ತು ಕಾಣೆಯಾದ ಅಮೆರಿಕನ್ ಸೈನಿಕರ ಎಲ್ಲ ಹೆಸರು ಇರಬೇಕು, ಯುದ್ಧದ ಬಗ್ಗೆ ರಾಜಕೀಯ ಮಾತು ಇರಬಾರದು ಅಂತ ಇತ್ತು. ಸ್ಮಾರಕ ಕಟ್ಟಿಸಿದ್ದು ಜ್ಯಾನ್ ಸ್ಕ್ರಗ್ಸ್ ಅನ್ನುವ ಮಾಜಿ ಸೈನಿಕ ಶುರು ಮಾಡಿದ ನಿಧಿಯಿಂದ, ಸರ್ಕಾರದ ದುಡ್ಡಲ್ಲ. ಆದರೂ ಆ ಕೊರತೆ ಇದ್ದೇ ಇದೆ. ಕ್ರಿಸ್ ಬರ್ಡನ್ ಅನ್ನುವ ಕಲಾವಿದ 1991ರಲ್ಲಿ ತಾಮ್ರದ ದೊಡ್ಡ ಹಾಳೆಗಳ ಮೇಲೆ ವಿಯೆಟ್ನಾಂನ 30 ಲಕ್ಷ ಜನರ ಲೆಕ್ಕಕ್ಕೆ ಹೆಸರು ಹಾಕಿ ಇನ್ನೊಂದು ಸ್ಮಾರಕ ಮಾಡಿದರು. ಎರಡನ್ನೂ ಒಟ್ಟಿಗೆ ನೆನೆಯಬೇಕು ಅಂತ ನನ್ನ ಅಭಿಪ್ರಾಯ.

ಕುದುರೆಮುಖ ಕಡೆಯವನು

ಗೋಡೆ ಆಯಿತು. ಆಮೇಲಿನ ಕೆಲಸದಲ್ಲಿ ನಿಮಗೆ ಯಾವುದು ಹೆಚ್ಚು ಇಷ್ಟ? ಎಲ್ಲದರ ಪಟ್ಟಿ ಬೇಡ.

ಚುಕ್ಕಿಗೆರೆ

ಮಾಂಟ್ಗೊಮರಿಯ ನಾಗರಿಕ ಹಕ್ಕುಗಳ ಸ್ಮಾರಕ, 1989. ಅಲಬಾಮಾದಲ್ಲಿ ಇದೆ. ವೃತ್ತಾಕಾರದ ಕಪ್ಪು ಕಲ್ಲಿನ ಮೇಜು. ಕರಿಯರ ಹಕ್ಕಿನ ಹೋರಾಟದಲ್ಲಿ 1954ರಿಂದ 1968ರ ತನಕ ಸತ್ತವರ ಹೆಸರು, ನಡೆದ ಘಟನೆಗಳು ಗಡಿಯಾರದ ಮುಳ್ಳಿನ ಗುರುತಿನ ಹಾಗೆ ಅಂಚಲ್ಲಿ ಸುತ್ತಿಕೊಂಡಿವೆ. ನಡುವಿಂದ ನೀರು ಉಕ್ಕಿ ತೆಳ್ಳಗೆ ಹರಡಿ ಅಂಚಿನಿಂದ ಇಳಿಯುತ್ತದೆ. ಹೆಸರು ಮುಟ್ಟಿದರೆ ಬೆರಳಿನ ಸುತ್ತ ನೀರಿನ ದಾರಿ ಬದಲಾಗುತ್ತದೆ. ನ್ಯಾಯವು ನೀರಿನಂತೆ ಹರಿದು ಬರಲಿ ಅನ್ನುವ ಬೈಬಲ್ ಮಾತನ್ನು ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಅದನ್ನು ಓದಿದಾಗಲೇ ನೀರು ಬೇಕು ಅಂತ ಮಾಯಾ ಅವರಿಗೆ ಹೊಳೆದದ್ದು.

ಯೇಲ್‌ನಲ್ಲಿ 1993ರಲ್ಲಿ ಮಾಡಿದ ಮಹಿಳೆಯರ ಮೇಜು ಅದರ ತಂಗಿ. ಕಲ್ಲಿನ ಮೇಲೆ ಸುರುಳಿಯಾಗಿ ಅಂಕಿಗಳು. ಒಂದೊಂದು ವರ್ಷ ಎಷ್ಟು ಹೆಣ್ಣುಮಕ್ಕಳು ಅಲ್ಲಿ ಓದುತ್ತಿದ್ದರು ಅಂತ. ಯೇಲ್ ಶುರುವಾದದ್ದು 1701ರಲ್ಲಿ. ಹಾಗಾಗಿ ಸುರುಳಿಯ ಶುರುವಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಸಾಲು ಸಾಲು ಸೊನ್ನೆ. ಒಂದು ಪದದ ಆರೋಪವೂ ಇಲ್ಲ. ಬರೀ ಅಂಕಿ.

ಗೆರೆಕೋಲು

ನನಗೆ ಸ್ಟಾರ್ಮ್ ಕಿಂಗ್ ಅನ್ನೋ ಬಯಲು ಶಿಲ್ಪೋದ್ಯಾನದ ಮಣ್ಣಿನ ಅಲೆಗಳು ಬಹಳ ಇಷ್ಟ, ಫೋಟೋದಲ್ಲಿ ಮಾತ್ರ ನೋಡಿದ್ದು. ಅದನ್ನು ನೋಡಿದವರು ಇದ್ದೀರಾ?

ಪೊಟೊಮ್ಯಾಕ್ ಕನ್ನಡಿಗ

ನೋಡಿದ್ದೇನೆ. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ, ಹಡ್ಸನ್ ಕಣಿವೆಯಲ್ಲಿ. 2009ರಲ್ಲಿ ಜನರಿಗೆ ತೆರೆದರು. ಹೆದ್ದಾರಿಗಾಗಿ ಜಲ್ಲಿ ತೆಗೆದು ಹಾಳಾಗಿದ್ದ ಗುಂಡಿಯ ಜಾಗ ಅದು. ಅಲ್ಲಿ ಏಳು ಸಾಲು ಅಲೆ ಎಬ್ಬಿಸಿ ಹುಲ್ಲು ಬೆಳೆಸಿದ್ದಾರೆ. ಒಂದೊಂದು 10ರಿಂದ 15 ಅಡಿ ಎತ್ತರ. ಮೇಲಿಂದ ನೋಡಿದರೆ ಸಮುದ್ರ. ಎರಡು ಅಲೆಗಳ ನಡುವೆ ಇಳಿದರೆ ಬೇರೆ ಯಾರೂ ಕಾಣುವುದಿಲ್ಲ. ದೊಡ್ಡವರಿಗೂ ಓಡಬೇಕು ಅನ್ನಿಸುತ್ತದೆ.

ಚುಕ್ಕಿಗೆರೆ

ಇದಕ್ಕೆ ಮೊದಲು 1995ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಏರೋಸ್ಪೇಸ್ ಕಟ್ಟಡದ ಪಕ್ಕ ಚಿಕ್ಕದೊಂದು ಮಾಡಿದ್ದರು. ಅಲ್ಲಿಯ ಅಲೆಗಳ ನಡುವೆ ಒರಗಿ ಕೂತು ಓದಬಹುದು. ನೀರಿನ ಅಲೆಯ ಒಂದು ಫೋಟೋದಿಂದ ಆ ಆಕಾರ ಬಂತು. 2005ರಲ್ಲಿ ಮಯಾಮಿಯಲ್ಲಿ ಇನ್ನೊಂದು. ಮೂರನೆಯದೇ ಸ್ಟಾರ್ಮ್ ಕಿಂಗ್, ಎಲ್ಲಕ್ಕಿಂತ ದೊಡ್ಡದು.

ಹೊಳೆಸಾಲು

ಇತ್ತೀಚಿನದು ಏನಾದರೂ? ಪರಿಸರದ ಕಡೆ ವಾಲಿದ್ದಾರೆ ಅಂತ ಕೇಳಿದೆ.

ಚುಕ್ಕಿಗೆರೆ

ವಾಲಿದ್ದಲ್ಲ, ಮೊದಲಿಂದಲೂ ಅದೇ ಅವರ ಆಸಕ್ತಿ. 2009ರಿಂದ ‘ಏನು ಕಾಣೆಯಾಗಿದೆ?’ ಅನ್ನೋ ಕೆಲಸ ನಡೆಸುತ್ತಿದ್ದಾರೆ. ಅಳಿದುಹೋದ, ಅಳಿಯುತ್ತಿರುವ ಪ್ರಾಣಿ, ಪಕ್ಷಿ, ಕಾಡುಗಳಿಗೆ ಸ್ಮಾರಕ. ಇದೇ ತಮ್ಮ ಕೊನೆಯ ಸ್ಮಾರಕ ಅಂತ ಹೇಳಿದ್ದಾರೆ.

2021ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ ಸತ್ತ ಮರಗಳ ತೋಪು ನಿಲ್ಲಿಸಿದರು. 49 ಬಿಳಿ ದೇವದಾರು ಜಾತಿಯ ಮರ, ಸುಮಾರು 40 ಅಡಿ ಎತ್ತರ. ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿನವು. ಸಮುದ್ರದ ಉಪ್ಪುನೀರು ಒಳಗೆ ನುಗ್ಗಿ ಬೇರು ಸತ್ತ ಮರಗಳು. ಗಗನಚುಂಬಿ ಕಟ್ಟಡಗಳ ನಡುವೆ ಹಸಿರು ಹುಲ್ಲಿನ ಮೇಲೆ ಎಲೆಯಿಲ್ಲದ ಬೂದು ಕಾಂಡಗಳು. ಜನ ಅದರ ಕೆಳಗೇ ಕೂತು ಊಟ ಮಾಡುತ್ತಿದ್ದರು, ಮಕ್ಕಳು ಆಡುತ್ತಿದ್ದರು. ಫೋನ್ ಕಿವಿಗಿಟ್ಟರೆ ಮ್ಯಾನ್‌ಹ್ಯಾಟನ್‌ನಲ್ಲಿ ಹಿಂದೆ ಇದ್ದ ಪ್ರಾಣಿಪಕ್ಷಿಗಳ ದನಿ ಕೇಳುತ್ತಿತ್ತು. ಅದರ ಇಂಗಾಲದ ಲೆಕ್ಕ ಸರಿದೂಗಿಸಲು ನಗರದಲ್ಲಿ 1,000 ಮರಗಿಡ ನೆಟ್ಟರು. ಪ್ರದರ್ಶನ ಮುಗಿದ ಮೇಲೆ ಮರ ವ್ಯರ್ಥ ಆಗಲಿಲ್ಲ. ಬ್ರಾಂಕ್ಸ್‌ನ ಹದಿಹರೆಯದ ಮಕ್ಕಳು ಅದರಲ್ಲಿ ದೋಣಿ ಕಟ್ಟಿದರು.

ಕರಿಕಲ್ಲು ಗುಂಡ್ಲುಪೇಟೆ

ಕಲ್ಲಲ್ಲಿ ಬೇರೆ ಏನಾದರೂ ಮಾಡಿದ್ದಾರಾ, ದಿನಬಳಕೆಗೆ ಬರುವಂಥದ್ದು?

ಚುಕ್ಕಿಗೆರೆ

ಒಳ್ಳೇ ಪ್ರಶ್ನೆ! ಅಮೆರಿಕದ ಪಶ್ಚಿಮ ತೀರದಲ್ಲಿ ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ ಕೇಪ್ ಡಿಸಪಾಯಿಂಟ್‌ಮೆಂಟ್ ಅನ್ನೋ ಜಾಗ ಇದೆ. ಅಲ್ಲಿ ಮೀನುಗಾರರಿಗೆ ಮೀನು ಹೆಚ್ಚಲು ಒಂದು ಹಳೇ ಸಿಂಕ್ ಇತ್ತು. ಅದನ್ನು ತೆಗೆದು ಒಂದೇ ಬಸಾಲ್ಟ್ ಬಂಡೆಯಲ್ಲಿ ಮೀನಿನ ಮೇಜು ಮಾಡಿಕೊಟ್ಟರು. ಅದರ ಮೇಲೆ ಚಿನೂಕ್ ಬುಡಕಟ್ಟಿನವರ ಹುಟ್ಟಿನ ಕಥೆ ಕೆತ್ತಿದ್ದಾರೆ. ಆ ಕಥೆಯಲ್ಲೂ ಮೀನು ಹೆಚ್ಚುವ ಮಾತು ಬರುತ್ತದೆ. ಜನ ಈಗಲೂ ಅದರ ಮೇಲೆ ಮೀನು ಹೆಚ್ಚುತ್ತಾರೆ, ನೀರು ಬಿಟ್ಟು ರಕ್ತ ತೊಳೆಯುತ್ತಾರೆ. ಅಲ್ಲಿಯ ಬುಡಕಟ್ಟುಗಳ ಜೊತೆ ಸೇರಿ ಆ ನದಿಯ ಉದ್ದಕ್ಕೂ ಮಾಡಿದ ಕೆಲಸಗಳಲ್ಲಿ ಇದೂ ಒಂದು. ಅವರ ಒಂದೇ ಒಂದು ಕೆಲಸ ನೋಡುವ ಅವಕಾಶ ಸಿಕ್ಕರೆ ನಾನು ಇದನ್ನೇ ಕೇಳುತ್ತೇನೆ.

ಪೈನ್ ಮರದೂರು

ಇಷ್ಟು ದಿನ ಓದುತ್ತ ಮಾತ್ರ ಇದ್ದೆ. ನಾವು ಪೋರ್ಟ್‌ಲ್ಯಾಂಡ್‌ನಲ್ಲಿದ್ದೇವೆ. ಅದಕ್ಕೆ ಕಾರಲ್ಲಿ ಹೋಗಬಹುದಾ? ಮಕ್ಕಳ ಜೊತೆ ವಾರಾಂತ್ಯಕ್ಕೆ ಹತ್ತಿರದ್ದು ಬೇರೆ ಇದ್ದರೂ ಹೇಳಿ.

ಚುಕ್ಕಿಗೆರೆ

ಕೇಪ್ ಡಿಸಪಾಯಿಂಟ್‌ಮೆಂಟ್‌ಗೆ ಕಾರಲ್ಲಿ ಹೋಗಬಹುದು, ಆದರೆ ಒಂದು ದಿನ ಪೂರ್ತಿ ಬೇಕು. ನಿಮಗೆ ಹತ್ತಿರ ಇರುವುದು ಟ್ರೌಟ್‌ಡೇಲ್ ಪಕ್ಕದ ಸ್ಯಾಂಡಿ ನದಿ ಮುಖಜ ಭೂಮಿ. ಕಾರು ನಿಲ್ಲಿಸಿ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕು. ಅಲ್ಲಿ ಮರದ ಪಟ್ಟಿಗಳನ್ನು ನಿಲ್ಲಿಸಿ ಮಾಡಿದ ಪಕ್ಷಿ ನೋಡುವ ಗೂಡು ಇದೆ. ಇನ್ನೂರು ವರ್ಷದ ಹಿಂದೆ ಅಮೆರಿಕದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಆ ದಾರಿಯಲ್ಲಿ ಹೋಗುವಾಗ ಬರೆದುಕೊಂಡ ಪ್ರಾಣಿಪಕ್ಷಿಗಳ ಹೆಸರು ಆ ಪಟ್ಟಿಗಳ ಮೇಲಿವೆ. ಪ್ರತಿಯೊಂದರ ಜೊತೆ ಅದು ಈಗ ಹೇಗಿದೆ, ಚೆನ್ನಾಗಿದೆಯಾ, ಅಪಾಯದಲ್ಲಿದೆಯಾ, ಅಳಿದೇ ಹೋಯಿತಾ ಅಂತಲೂ ಇದೆ. ಮಕ್ಕಳಿಗೆ ಓದಲು ಬಿಡಿ. ಮಳೆಗಾಲದಲ್ಲಿ ದಾರಿ ಕೆಸರಾಗುತ್ತದೆ, ಬೂಟು ಹಾಕಿಕೊಂಡು ಹೋಗಿ. ಫೋಟೋ ತೆಗೆದರೆ ಇಲ್ಲೇ ಹಾಕಿ, ಕರಿಕಲ್ಲು ಅವರಿಗಾಗಿ ಮುಂದೆ ಮೀನಿನ ಮೇಜಿನದ್ದೂ ಒಂದು ಬೇಕು.